ಸೀಳುವ ಮುನ್ನ ಕೊಳವೆ ಏನು ಹೇಳುತ್ತದೆ?

ಗದ್ದೆಯ ಪಿ.ವಿ.ಸಿ. ಪೈಪು, ಶಿವನಸಮುದ್ರದ ಬ್ಲಫ್‌ನ ಪೆನ್‌ಸ್ಟಾಕು, ಹೈಡ್ರೋಜನ್ ಕಾರಿನ ಕಾರ್ಬನ್ ಸಿಲಿಂಡರು ಮೂರೂ ಪಾಲಿಸುವ ಲೆಕ್ಕ ಒಂದೇ. ಒಡೆಯುವ ಬಗೆ ಮಾತ್ರ ಬೇರೆ. ಉಕ್ಕು ಉಬ್ಬಿ ತೋರಿಸುತ್ತದೆ, ಕಾರ್ಬನ್ ಪಿಸುಗುಟ್ಟುತ್ತದೆ.

ಮಳವಳ್ಳಿ ಕಡೆ ಪಂಪ್‌ಸೆಟ್ ಇಟ್ಟುಕೊಂಡ ಯಾರನ್ನಾದರೂ ಕೇಳಿ ನೋಡಿ: ಪೈಪು ಒಡೆದರೆ ಹೇಗೆ ಒಡೆಯುತ್ತದೆ? ‘ಅಡ್ಡಡ್ಡ ಎಲ್ಲಿ ಒಡೆದಾತು, ಉದ್ದುಕ್ಕೆ ಸೀಳ್ಕತದೆ ಕಣೇಳಿ’ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಜಾಯಿಂಟು ಬಿಟ್ಟುಕೊಂಡರೆ ಅದು ಬೇರೆ ಮಾತು. ಪೈಪೇ ಸೋತಾಗ ಮಾತ್ರ ಸೀಳು ಹರಿಯುವುದು ಉದ್ದಕ್ಕೆ, ಚಾಕುವಿನಿಂದ ಗೀರಿದ ಹಾಗೆ. ಯಾವಾಗ ಒಡೆಯುತ್ತದೆ ಎಂದು ಕೇಳಿದರೆ ಅದಕ್ಕೂ ಉತ್ತರ ಸಿದ್ಧ: ಕರೆಂಟು ಹೋದಾಗ, ಇಲ್ಲವೇ ಬಂದಾಗ.

ಈ ಎರಡು ಉತ್ತರಗಳಲ್ಲಿ ಒತ್ತಡದ ಕೊಳವೆಗಳ ಅರ್ಧ ವಿಜ್ಞಾನ ಅಡಗಿದೆ. ಉಳಿದರ್ಧ ಇನ್ನೂ ಕಷ್ಟದ್ದು. ಯಾವ ಕೊಳವೆ, ಯಾವ ದಿನ, ಎಷ್ಟು ಒತ್ತಡಕ್ಕೆ ಸೋಲುತ್ತದೆ ಎಂದು ಮೊದಲೇ ಹೇಳಬಹುದೇ? ಉಕ್ಕಿನ ಮಟ್ಟಿಗೆ ಎಂಜಿನಿಯರುಗಳು ಈ ಪ್ರಶ್ನೆಗೆ ಸಾಕಷ್ಟು ಧೈರ್ಯದಿಂದ ಉತ್ತರಿಸುತ್ತಾರೆ. ಕಾರ್ಬನ್ ಫೈಬರ್ ಕೊಳವೆಯ ಮಾತು ಬಂದರೆ ಅವರ ದನಿ ತಗ್ಗುತ್ತದೆ.

ನೀರು ಇಳಿಯುವ ಕೊಳವೆ, ಏರುವ ಕೊಳವೆ

ಕೊಳವೆಗಳ ಕಥೆ ಹೇಳಲು ಮಳವಳ್ಳಿ ತಾಲ್ಲೂಕಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಶಿವನಸಮುದ್ರದ ಬ್ಲಫ್‌ನಲ್ಲಿ ನಿಂತು ಕೆಳಗೆ ನೋಡಿದರೆ ಇಳಿಜಾರಿಗೆ ಒರಗಿದ ದಪ್ಪ ಕೊಳವೆಗಳು ಕಾಣುತ್ತವೆ. ಕಾವೇರಿಯ ನೀರನ್ನು ಕಾಲುವೆಯಲ್ಲಿ ತಂದು, ಈ ಪೆನ್‌ಸ್ಟಾಕುಗಳೊಳಗೆ ಸುಮಾರು 400 ಅಡಿ ಕೆಳಕ್ಕೆ ಬಿಟ್ಟು ಟರ್ಬೈನ್ ತಿರುಗಿಸುತ್ತಾರೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಈ ಕೆಲಸದ ಫಲವಾಗಿ 1902ರ ಜೂನ್ 30ರಂದು ಇಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಸುಮಾರು 147 ಕಿಲೋಮೀಟರಿನ ಆ ಲೈನು ಆ ಕಾಲಕ್ಕೆ ಜಗತ್ತಿನಲ್ಲೇ ಬಹಳ ಉದ್ದದ ಲೈನುಗಳ ಸಾಲಿನಲ್ಲಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದೂ ಇದೇ ನೀರಿನಿಂದ.

ಅದೇ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ನೀರಿನ ಪಯಣ ತಿರುವುಮುರುವು. ಎಲ್ಲರ ಬಾಯಲ್ಲಿ ಟಿ.ಕೆ. ಹಳ್ಳಿ ಆಗಿರುವ ಈ ಊರಿನಿಂದ ಬೆಂಗಳೂರು ಜಲಮಂಡಳಿಯ ಪಂಪುಗಳು ಕಾವೇರಿಯನ್ನು ಮೇಲಕ್ಕೆ ನೂಕುತ್ತವೆ. ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಎತ್ತಿ, ಒಟ್ಟು ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿಸಿ ನೀರು ನಗರ ಸೇರುತ್ತದೆ. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರು ಸಾಗಿಸಲು ಕಟ್ಟಿದ್ದು. ಒಂದು ಕಡೆ ನೀರು ಬಿದ್ದು ಕರೆಂಟು ಕೊಡುತ್ತದೆ, ಇನ್ನೊಂದು ಕಡೆ ಕರೆಂಟು ತಿಂದು ನೀರು ಏರುತ್ತದೆ. ಎರಡರ ನಡುವೆ ದುಡಿಯುವುದು ಒತ್ತಡ ತಡೆದುಕೊಂಡು ಸುಮ್ಮನೆ ಮಲಗಿರುವ ಉಕ್ಕಿನ ಕೊಳವೆ.

ಒತ್ತಡದ ಲೆಕ್ಕ ಸುಲಭ. ನೀರಿನ ಪ್ರತಿ 10 ಮೀಟರ್ ಎತ್ತರಕ್ಕೆ ಹೆಚ್ಚೂಕಡಿಮೆ ಒಂದು ಬಾರ್, ಅಂದರೆ ನಮ್ಮ ಪೈಪಿನಂಗಡಿಯ ಭಾಷೆಯಲ್ಲಿ ‘ಒಂದು ಕೆ.ಜಿ.’. 4 ಕೆ.ಜಿ. ಪೈಪು, 6 ಕೆ.ಜಿ. ಪೈಪು ಎಂದು ರೈತರು ಕೇಳಿ ಕೊಳ್ಳುವುದು ಇದನ್ನೇ: ಒಂದು ಚದರ ಸೆಂಟಿಮೀಟರಿನ ಮೇಲೆ ಎಷ್ಟು ಕೆ.ಜಿ. ಒತ್ತಿದರೂ ತಡೆಯಬೇಕು ಎಂಬ ಲೆಕ್ಕ. ಬ್ಲಫ್‌ನ ಪೆನ್‌ಸ್ಟಾಕಿನ ತಳದಲ್ಲಿ ಅದು 12ರ ಆಸುಪಾಸು ಬರುತ್ತದೆ.

ಕರೆಂಟು ಹೋದಾಗ ಪೈಪು ಒಡೆಯುವುದಕ್ಕೂ ಲೆಕ್ಕವಿದೆ. ಓಡುತ್ತಿರುವ ನೀರು ಥಟ್ಟನೆ ನಿಂತರೆ ಅದರ ಓಟವೆಲ್ಲ ಪೆಟ್ಟಾಗಿ ಗೋಡೆಗೆ ಬಡಿಯುತ್ತದೆ. ಉಕ್ಕಿನ ಕೊಳವೆಯಲ್ಲಿ ಸೆಕೆಂಡಿಗೆ ಒಂದೇ ಮೀಟರ್ ವೇಗದ ನೀರು ಹಾಗೆ ನಿಂತರೂ ಒತ್ತಡ ಒಮ್ಮೆಗೇ ಸುಮಾರು 10 ಬಾರ್ ಜಿಗಿಯುತ್ತದೆ. ಪ್ಲಾಸ್ಟಿಕ್ ಪೈಪು ತುಸು ಉಬ್ಬಿ ಪೆಟ್ಟನ್ನು ನುಂಗುವುದರಿಂದ ಅಲ್ಲಿ ಜಿಗಿತ ಕಡಿಮೆ. ಆದರೂ 4 ಕೆ.ಜಿ. ಪೈಪಿಗೆ ಅಷ್ಟು ಸಾಕು.

ಉದ್ದಕ್ಕೇ ಏಕೆ ಸೀಳುತ್ತದೆ?

ಕೊಳವೆಯನ್ನು ಬಿದಿರಿನ ದಬ್ಬೆಯ ಹಾಗೆ ಉದ್ದಕ್ಕೆ ಎರಡು ಹೋಳು ಮಾಡಿ, ಮತ್ತೆ ಜೋಡಿಸಿ ಹಿಡಿದಿದ್ದೇವೆ ಎಂದುಕೊಳ್ಳಿ. ಒಳಗಿನ ನೀರು ಎರಡೂ ಹೋಳನ್ನು ಆಚೆಗೆ ನೂಕುತ್ತದೆ. ಅದನ್ನು ತಡೆಯಲು ಇರುವುದು ಎರಡು ಬದಿಯ ತೆಳ್ಳನೆಯ ಗೋಡೆ ಮಾತ್ರ. ಈಗ ಅದೇ ಕೊಳವೆಯನ್ನು ಸೌತೆಕಾಯಿಯಂತೆ ಅಡ್ಡಕ್ಕೆ ಕತ್ತರಿಸಿದ್ದೇವೆ ಎಂದುಕೊಳ್ಳಿ. ಇಲ್ಲಿ ನೀರು ಒತ್ತುವುದು ಬಿಲ್ಲೆಯಷ್ಟು ಜಾಗದ ಮೇಲೆ. ತಡೆಯುವುದಕ್ಕೆ ಸುತ್ತಲೂ ಪೂರ್ತಿ ಬಳೆಯಷ್ಟು ಗೋಡೆ ಇದೆ. ಲೆಕ್ಕ ಹಾಕಿದರೆ ಸುತ್ತಳತೆಯ ದಿಕ್ಕಿನಲ್ಲಿ ಗೋಡೆ ಅನುಭವಿಸುವ ಎಳೆತ ಉದ್ದದ ದಿಕ್ಕಿನ ಎಳೆತಕ್ಕಿಂತ ಸರಿಯಾಗಿ ಎರಡು ಪಟ್ಟು. ಆದ್ದರಿಂದಲೇ ಬಳೆ ಮೊದಲು ಹರಿಯುತ್ತದೆ, ಸೀಳು ಉದ್ದಕ್ಕೆ ಕಾಣುತ್ತದೆ.

ಎಳೆತ ಎಷ್ಟು ಎಂದು ತಿಳಿಯಲು ಒತ್ತಡವನ್ನು ಕೊಳವೆಯ ಅರೆವ್ಯಾಸದಿಂದ ಗುಣಿಸಿ, ಗೋಡೆಯ ದಪ್ಪದಿಂದ ಭಾಗಿಸಿದರೆ ಆಯಿತು. ಎರಡು ಮೀಟರ್ ಅಗಲ, 10 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಯಲ್ಲಿ 12 ಬಾರ್ ಒತ್ತಡವಿದ್ದರೆ ಎಳೆತ ಸುಮಾರು 120 ಮೆಗಾಪ್ಯಾಸ್ಕಲ್. ಸಾಧಾರಣ ಉಕ್ಕು 250ರ ಹತ್ತಿರ ಬಂದಾಗ ಹಿಗ್ಗಲು ಶುರು ಮಾಡುತ್ತದೆ. ಅಂದರೆ ಅರ್ಧಕ್ಕರ್ಧ ಅಂತರ ಉಳಿದಿದೆ. ಎಂಜಿನಿಯರು ನೆಮ್ಮದಿಯಿಂದ ನಿದ್ದೆ ಮಾಡಬಹುದು.

ಆ ನೆಮ್ಮದಿಗೆ ಇನ್ನೊಂದು ಕಾರಣವೂ ಇದೆ. ಉಕ್ಕು ರಾಗಿಮುದ್ದೆಯ ಜಾತಿ. ಹರಿಯುವ ಮುನ್ನ ಹಿಗ್ಗುತ್ತದೆ, ಉಬ್ಬುತ್ತದೆ, ತೆಳ್ಳಗಾಗುತ್ತದೆ, ನೋಡುವ ಕಣ್ಣಿಗೆ ಸೋಲಿನ ಸುಳಿವು ಕೊಡುತ್ತದೆ. ಸಾಧಾರಣ ಉಕ್ಕಿನ ಪಟ್ಟಿ ತುಂಡಾಗುವಷ್ಟರಲ್ಲಿ ಮೂಲ ಉದ್ದದ ಶೇ 20ಕ್ಕೂ ಹೆಚ್ಚು ಹಿಗ್ಗಿರುತ್ತದೆ. ಕಾರ್ಬನ್ ಫೈಬರ್ ಹಾಗಲ್ಲ, ಅದು ಗರಿಗರಿ ಮದ್ದೂರು ವಡೆಯ ಜಾತಿ. ಶೇ 1.5ರಿಂದ 2ರಷ್ಟು ಹಿಗ್ಗಿತೋ ಇಲ್ಲವೋ, ಮುರಿದೇ ಹೋಗುತ್ತದೆ. ಬಗ್ಗುವ ಹಂತವೇ ಇಲ್ಲ.

ಬುಗುರಿಗೆ ದಾರ ಸುತ್ತಿದ ಹಾಗೆ

ಇಷ್ಟು ಬಿರುಸಿನ ವಸ್ತುವನ್ನು ಮತ್ತೇಕೆ ಬಳಸಬೇಕು? ತೂಕಕ್ಕಾಗಿ. ಕಾರ್ಬನ್ ನಾರಿನ ಒಂದು ಎಳೆ ಸುಮಾರು 7 ಮೈಕ್ರಾನ್ ದಪ್ಪ, ತಲೆಗೂದಲಿನ ಹತ್ತನೇ ಒಂದು ಪಾಲಿನಷ್ಟು. ವಿಮಾನಗಳಿಗೆ ಬಳಸುವ ಸಾಮಾನ್ಯ ದರ್ಜೆಯ ನಾರು 3,500 ಮೆಗಾಪ್ಯಾಸ್ಕಲ್ ಎಳೆತ ತಡೆಯುತ್ತದೆ, ಮೇಲಿನ ದರ್ಜೆಯದು 4,900. ತೂಕ ಉಕ್ಕಿನ ಕಾಲು ಭಾಗದಷ್ಟೂ ಇಲ್ಲ. 1960ರ ದಶಕದಲ್ಲಿ ಜಪಾನಿನ ಅಕಿಯೊ ಶಿಂಡೊ ಮತ್ತು ಇಂಗ್ಲೆಂಡಿನ ಫಾರ್ನ್‌ಬರೋ ಪ್ರಯೋಗಾಲಯದವರು ಅಕ್ರಿಲಿಕ್ ನಾರನ್ನು ಹದವಾಗಿ ಸುಟ್ಟು ಇದನ್ನು ಪಡೆಯುವ ದಾರಿ ತೋರಿಸಿದರು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್.ಎ.ಎಲ್., ಕಾರ್ಬನ್ ನಾರಿನ ತಯಾರಿಕೆಯ ವಿಧಾನವನ್ನು ತಾನೇ ರೂಪಿಸಿತು. ತೇಜಸ್ ಯುದ್ಧವಿಮಾನದ ರೆಕ್ಕೆಗಳು ಕಾರ್ಬನ್ ಫೈಬರಿನವೇ.

ನಾರಿಗೆ ಬಲ ಇರುವುದು ಉದ್ದಕ್ಕೆ ಮಾತ್ರ. ಅಡ್ಡಕ್ಕೆ ಎಳೆದರೆ ನಾರುಗಳನ್ನು ಹಿಡಿದಿರುವ ಎಪಾಕ್ಸಿ ರಾಳವೇ ಸೀಳುತ್ತದೆ. ಹಾಗಾಗಿ ಕೊಳವೆ ಮಾಡುವವರು ಅಚ್ಚೊಂದನ್ನು ತಿರುಗಿಸುತ್ತ, ರಾಳದಲ್ಲಿ ಅದ್ದಿದ ನಾರನ್ನು ಬುಗುರಿಗೆ ದಾರ ಸುತ್ತಿದ ಹಾಗೆ ಬಿಗಿಯಾಗಿ ಸುತ್ತುತ್ತಾರೆ. ಯಾವ ಓರೆಯಲ್ಲಿ ಸುತ್ತಬೇಕು? ಉತ್ತರ ಗದ್ದೆಯ ಪೈಪಿನಲ್ಲೇ ಇದೆ. ಸುತ್ತಳತೆಗೆ ಎರಡು ಪಾಲು, ಉದ್ದಕ್ಕೆ ಒಂದು ಪಾಲು ಎಳೆತ. ನಾರು ತನ್ನ ಬಲವನ್ನು ಇದೇ ಎರಡಕ್ಕೊಂದರ ಪ್ರಮಾಣದಲ್ಲಿ ಹಂಚಬೇಕಾದರೆ ಅದು ಕೊಳವೆಯ ಅಕ್ಷಕ್ಕೆ 54.7 ಡಿಗ್ರಿ ಓರೆಯಾಗಿರಬೇಕು. ಜಗತ್ತಿನ ಕಾರ್ಖಾನೆಗಳಲ್ಲಿ ನಾರು ಸುತ್ತಿ ಮಾಡುವ ಪೈಪುಗಳು 55 ಡಿಗ್ರಿಗೆ ಅಂಟಿಕೊಂಡಿರುವುದು ಇದಕ್ಕೇ.

ಲೆಕ್ಕ ಚೆಂದ, ಆದರೆ ಅದು ನಂಬಿರುವುದು ಒಂದೇ ಬಗೆಯ ಹೊರೆಯನ್ನು. ಕೊಳವೆ ತುಸು ಬಾಗಿದರೆ, ಕಟ್ಟಿದ ಕಡೆ ಜಗ್ಗಿದರೆ, ಬಿಸಿಲಿಗೆ ಹಿಗ್ಗಿದರೆ ಆ ಪ್ರಮಾಣ ಕೆಡುತ್ತದೆ. ಹೆಚ್ಚುವರಿ ಹೊರೆ ರಾಳದ ಮೇಲೆ ಬೀಳುತ್ತದೆ. ರಾಳವೋ ನಾರಿನ ಮುಂದೆ ಬಡಪಾಯಿ. ಅದಕ್ಕೇ ಜಾಣ ತಯಾರಕರು ಬಳೆಯಂತೆ ಸುತ್ತಿದ ಪದರ, ಓರೆಯಾಗಿ ಸುತ್ತಿದ ಪದರ ಎಂದು ಬೆರೆಸಿ ಹಾಕುತ್ತಾರೆ.

ಒಂದು ಎಳೆ ಹರಿದರೆ ಏನಾಯಿತು?

ತೆಂಗಿನ ನಾರಿನ ಹಗ್ಗವನ್ನು ಬಿಚ್ಚಿ ನೋಡಿ. ಒಳಗಿನ ಒಂದೊಂದು ನಾರೂ ಗೇಣುದ್ದ. ಹಗ್ಗ ಮಾತ್ರ ಬಾವಿಯ ಆಳದಷ್ಟು. ಗೇಣುದ್ದದ ನಾರು ಕೊಡದ ಭಾರ ಹೊರುವುದು ಹೇಗೆ? ಹೊಸೆತದ ಬಿಗಿಯಲ್ಲಿ ಒಂದು ನಾರು ಮುಗಿಯುವ ಕಡೆ ಪಕ್ಕದ ನಾರು ಭಾರವನ್ನು ಕೈಗೆತ್ತಿಕೊಳ್ಳುತ್ತದೆ. ಕಾರ್ಬನ್ ಕೊಳವೆಯಲ್ಲಿ ಹೊಸೆತದ ಕೆಲಸವನ್ನು ರಾಳ ಮಾಡುತ್ತದೆ. ಒಂದು ಎಳೆ ಪಟಕ್ಕನೆ ತುಂಡಾದರೆ ಅದರ ಪಾಲಿನ ಹೊರೆಯನ್ನು ರಾಳ ಅಕ್ಕಪಕ್ಕದ ಎಳೆಗಳಿಗೆ ದಾಟಿಸುತ್ತದೆ. ಹರಿದ ಜಾಗದಿಂದ ಒಂದು ಮಿಲಿಮೀಟರಿನೊಳಗೇ ಆ ಎಳೆ ಮತ್ತೆ ಎಂದಿನಂತೆ ಹೊರೆ ಹೊರುತ್ತಿರುತ್ತದೆ. ಕೋಟ್ಯಂತರ ಎಳೆಗಳ ಸಂಸಾರದಲ್ಲಿ ಹತ್ತಿಪ್ಪತ್ತು ಹೋದರೂ ಮನೆ ನಡೆಯುತ್ತದೆ.

ಕೇಡು ಶುರುವಾಗುವುದು ಹರಿದವು ಒತ್ತೊತ್ತಾಗಿ ಸೇರಿದಾಗ. ಪಕ್ಕಪಕ್ಕದ ಮೂರು, ಐದು, ಹತ್ತು ಎಳೆಗಳು ಒಂದೇ ಕಡೆ ತುಂಡಾದರೆ ಸುತ್ತಲಿನವುಗಳ ಮೇಲೆ ಹೊರೆ ಮಿತಿಮೀರುತ್ತದೆ. ಆ ಗುಂಪು ಒಂದು ಗಾತ್ರ ದಾಟಿದ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ಇಲ್ಲಿಯೇ ಮುನ್ಸೂಚನೆಯ ಮೊದಲ ತೊಡಕು. ಯಾವ ಎಳೆಯಲ್ಲಿ ಎಲ್ಲಿ ಊನವಿದೆ ಎಂದು ಯಾರಿಗೂ ಗೊತ್ತಿಲ್ಲ. ಸರಪಳಿಯ ಬಲ ಅದರ ಅತಿ ದುರ್ಬಲ ಕೊಂಡಿಯಷ್ಟೇ ಎಂಬ ಹಳೆಯ ತಿಳಿವಳಿಕೆಗೆ ಸ್ವೀಡನ್ನಿನ ವಲೊಡಿ ವೈಬುಲ್ 1939ರಲ್ಲಿ ಗಣಿತದ ರೂಪ ಕೊಟ್ಟ. ಉದ್ದನೆಯ ನಾರು ಗಿಡ್ಡ ನಾರಿಗಿಂತ ಬೇಗ ಹರಿಯುತ್ತದೆ, ದೊಡ್ಡ ಕೊಳವೆ ಸಣ್ಣದಕ್ಕಿಂತ ಬೇಗ ಸೋಲುತ್ತದೆ, ಯಾಕೆಂದರೆ ಕೊಂಡಿ ಹೆಚ್ಚಿದಷ್ಟೂ ಕೆಟ್ಟ ಕೊಂಡಿ ಸಿಗುವ ಸಂಭವವೂ ಹೆಚ್ಚು. ಒಂದೇ ದಿನ, ಒಂದೇ ಯಂತ್ರದಲ್ಲಿ, ಒಂದೇ ನಾರಿನಿಂದ ಸುತ್ತಿದ ಹತ್ತು ಕೊಳವೆಗಳನ್ನು ಒಡೆಯುವ ತನಕ ಒತ್ತಿದರೆ ಹತ್ತು ಬೇರೆ ಬೇರೆ ಅಂಕಿ ಬರುತ್ತವೆ. ಆದ್ದರಿಂದ ‘ಈ ಕೊಳವೆ ಇಂತಿಷ್ಟಕ್ಕೆ ಒಡೆಯುತ್ತದೆ’ ಎನ್ನುವ ಬದಲು ‘ಇಂತಿಷ್ಟು ಒತ್ತಡಕ್ಕೆ ಸಾವಿರದಲ್ಲಿ ಇಷ್ಟು ಒಡೆಯಬಹುದು’ ಎಂದಷ್ಟೇ ಹೇಳಲು ಸಾಧ್ಯ.

ಹತ್ತೊಂಬತ್ತು ಪಂಡಿತರು, ಒಂದೇ ಕೊಳವೆ

ಎರಡನೇ ತೊಡಕು ಸಿದ್ಧಾಂತದ್ದು. ಪದರಗಳಲ್ಲಿ ಯಾವುದು ಮೊದಲು ಸೋಲುತ್ತದೆ, ಸೋತ ಮೇಲೆ ಉಳಿದವು ಎಷ್ಟು ಹೊರುತ್ತವೆ ಎಂದು ಲೆಕ್ಕ ಹಾಕಲು ಹಲವು ಸೂತ್ರಗಳಿವೆ. 1971ರಲ್ಲಿ ಸ್ಟೀಫನ್ ಸಾಯ್ ಮತ್ತು ಎಡ್ವರ್ಡ್ ವೂ ಕೊಟ್ಟ ಸೂತ್ರವನ್ನು ಇಂದಿಗೂ ಎಂಜಿನಿಯರಿಂಗ್ ತರಗತಿಗಳಲ್ಲಿ ಕಲಿಸುತ್ತಾರೆ. 1980ರಲ್ಲಿ ಹಾಶಿನ್ ನಾರಿನ ಸೋಲು ಬೇರೆ, ರಾಳದ ಸೋಲು ಬೇರೆ ಎಂದು ಬಿಡಿಸಿ ಬರೆದ. ಜರ್ಮನಿಯ ಪುಕ್ ಸೀಳು ಯಾವ ಓರೆಯಲ್ಲಿ ಹರಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತಂದ.

ಇವುಗಳಲ್ಲಿ ಯಾವುದನ್ನು ನಂಬಬೇಕು? ಬ್ರಿಟನ್ನಿನಲ್ಲಿ ಹಿಂಟನ್, ಸೋಡನ್, ಕದ್ದೂರ್ ಎಂಬ ಮೂವರು ಸೇರಿ ಇದಕ್ಕೊಂದು ಪಂದ್ಯವನ್ನೇ ಏರ್ಪಡಿಸಿದರು. ಸಿದ್ಧಾಂತ ರೂಪಿಸಿದವರಿಗೇ ನಾರು ಮತ್ತು ರಾಳದ ಗುಣಗಳನ್ನು ಕೊಟ್ಟು, ಪ್ರಯೋಗದ ಫಲಿತಾಂಶ ಮುಚ್ಚಿಟ್ಟು, ಮೊದಲೇ ಉತ್ತರ ಬರೆಯಿರಿ ಎಂದರು. ಒಟ್ಟು 19 ಸಿದ್ಧಾಂತ, 14 ಪರೀಕ್ಷೆ. ಪ್ರಶ್ನೆಪತ್ರಿಕೆಯಲ್ಲಿ 55 ಡಿಗ್ರಿ ಸುತ್ತಿದ ಗಾಜಿನ ನಾರಿನ ಕೊಳವೆಗೆ ಒಳಗಿನಿಂದ ಒತ್ತಡ ಕೊಡುವ ಪ್ರಶ್ನೆಯೂ ಇತ್ತು. 1998ರಿಂದ 2004ರ ತನಕ ಕಂತುಕಂತಾಗಿ ಪ್ರಕಟವಾದ ಉತ್ತರಪತ್ರಿಕೆಗಳನ್ನು ನೋಡಿದರೆ ಆ ವಿಷಯದ ಪಂಡಿತರ ನಡುವೆಯೇ ಎಷ್ಟು ಅಂತರ ಎಂಬುದು ಬಯಲಾಗುತ್ತದೆ. ಎಲ್ಲ ಪರೀಕ್ಷೆಯಲ್ಲೂ ಗೆದ್ದ ಸಿದ್ಧಾಂತ ಒಂದೂ ಇರಲಿಲ್ಲ.

‘ಸೋಲು’ ಎಂದರೇನು ಎಂಬುದೇ ಅವರ ಜಗಳದ ಒಂದು ಮೂಲ. ಒಳಪದರವಿಲ್ಲದ ನಾರಿನ ಕೊಳವೆ ಸಿಡಿಯುವುದಕ್ಕೆ ಬಹಳ ಮೊದಲೇ ಬೆವರುತ್ತದೆ. ಹೊಸ ಮಣ್ಣಿನ ಮಡಿಕೆಯ ಹೊರಮೈ ತೇವವಾಗುವಂತೆ ರಾಳದ ಸಣ್ಣ ಬಿರುಕುಗಳಿಂದ ನೀರು ಜಿನುಗುತ್ತದೆ. ನಾರುಗಳು ಇನ್ನೂ ಗಟ್ಟಿಯಾಗಿವೆ, ಆದರೆ ನೀರು ಸಾಗಿಸುವ ಕೊಳವೆಯಾಗಿ ಅದು ಆಗಲೇ ಸೋತಿದೆ. ಒಳಗೆ ಲೋಹದ್ದೋ ಪ್ಲಾಸ್ಟಿಕ್ಕಿನದೋ ಪದರ ಹಾಕಿದರೆ ಬೆವರು ನಿಲ್ಲುತ್ತದೆ. ಅದರ ಜೊತೆಗೆ ಕಣ್ಣಿಗೆ ಕಾಣುತ್ತಿದ್ದ ಒಂದು ಎಚ್ಚರಿಕೆಯೂ ನಿಲ್ಲುತ್ತದೆ.

ಬಿಡದಿಯ ಕಾರು, ಅಡುಗೆಮನೆಯ ಸಿಲಿಂಡರು

ಇದೆಲ್ಲ ದೂರದ ಮಾತೆನಿಸಬಹುದು. ಆದರೆ ಮಂಡ್ಯ, ಮದ್ದೂರು ದಾಟಿ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲೇ ಬಿಡದಿ ಇದೆ. ಅಲ್ಲಿ ಕಾರ್ಖಾನೆ ಇರುವ ಟೊಯೊಟಾ ಕಿರ್ಲೋಸ್ಕರ್ 2022ರ ಮಾರ್ಚ್‌ನಲ್ಲಿ ಹೈಡ್ರೋಜನ್‌ನಿಂದ ಓಡುವ ಮಿರಾಯ್ ಕಾರಿನ ಪ್ರಾಯೋಗಿಕ ಓಡಾಟಕ್ಕೆ ಕೈಹಾಕಿತು. ಆ ಕಾರಿನ ಕಾರ್ಬನ್ ಫೈಬರ್ ಟ್ಯಾಂಕಿನೊಳಗಿನ ಒತ್ತಡ 700 ಬಾರ್. ಬ್ಲಫ್‌ನ ಲೆಕ್ಕದಲ್ಲಿ ಹೇಳುವುದಾದರೆ ಏಳು ಕಿಲೋಮೀಟರ್ ಎತ್ತರದಿಂದ ಇಳಿಯುವ ಪೆನ್‌ಸ್ಟಾಕು! ಸಿ.ಎನ್.ಜಿ. ಗಾಡಿಗಳ ಸಿಲಿಂಡರಿನಲ್ಲಿ ಒತ್ತಡ 200 ಬಾರ್. ಇವುಗಳಲ್ಲಿ ಬಹುಪಾಲು ಉಕ್ಕಿನವು, ಹಗುರ ಬೇಕಾದ ಕಡೆ ನಾರು ಸುತ್ತಿದವು ಬರುತ್ತಿವೆ. ಇಂಡಿಯನ್ ಆಯಿಲ್ 2021ರಲ್ಲಿ ತಂದ ಹಗುರ ಅಡುಗೆ ಅನಿಲ ಸಿಲಿಂಡರು ಗಾಜಿನ ನಾರಿನದು.

ಗಾಜು ಮತ್ತು ಕಾರ್ಬನ್ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಗಾಜಿನ ನಾರಿನ ಮೇಲೆ ಒಂದೇ ಸಮ ಹೊರೆ ಇಟ್ಟರೆ ಅದು ವರ್ಷಗಟ್ಟಲೆ ದಣಿಯುತ್ತ ಬಂದು, ಹೊರೆ ಹೆಚ್ಚದಿದ್ದರೂ ಒಂದು ದಿನ ಹರಿಯಬಹುದು. ಕಾರ್ಬನ್‌ಗೆ ಈ ದಣಿವು ಬಹಳ ಕಡಿಮೆ. ಅದಕ್ಕೇ ಸಿ.ಎನ್.ಜಿ. ಸಿಲಿಂಡರುಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪ್ಲಾಸ್ಟಿಕ್ ಒಳಪದರದ ಮೇಲೆ ಗಾಜಿನ ನಾರು ಸುತ್ತಿದರೆ ಅದರೊಳಗಿನ ಎಳೆತ ನಾರಿನ ಬಲದ 3.65ನೇ ಒಂದು ಪಾಲು ಮೀರಬಾರದು, ಕಾರ್ಬನ್ ಆದರೆ 2.35ನೇ ಒಂದು ಪಾಲು. ಈ ಅಂಕಿಗಳು ನಾವು ಖಚಿತವಾಗಿ ತಿಳಿಯಲಾರದ್ದಕ್ಕೆ ಕಟ್ಟುವ ಬೆಲೆ. ತಿಳಿವಳಿಕೆ ಕಡಿಮೆಯಾದಷ್ಟೂ ಗೋಡೆ ದಪ್ಪವಾಗುತ್ತದೆ.

ಲೋಹದ ಮೇಲಿನ ತಿಳಿವಳಿಕೆಯೂ ಪುಕ್ಕಟೆ ಬಂದದ್ದಲ್ಲ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. ಬ್ರಿಟಿಷ್ ಇಂಡಿಯಾಕ್ಕೆಲ್ಲ ಒಂದೇ ಬಾಯ್ಲರ್ ಕಾಯ್ದೆ ಆದದ್ದು 1923ರಲ್ಲಿ. ಹತ್ತು ವರ್ಷ ಕಳೆದು ಮಂಡ್ಯದಲ್ಲಿ ಮೈಷುಗರ್ ಕಾರ್ಖಾನೆ ಎದ್ದಾಗ ಬಾಯ್ಲರನ್ನು ಹೇಗೆ ಪರೀಕ್ಷಿಸಬೇಕು ಎಂಬುದು ಪಾಠವಾಗಿ ಸಿದ್ಧವಾಗಿತ್ತು: ನೀರು ತುಂಬಿ, ದುಡಿಯುವ ಒತ್ತಡಕ್ಕಿಂತ ಹೆಚ್ಚು ಒತ್ತಿ ನೋಡು. ನೀರೇ ಯಾಕೆ ಎಂದರೆ ಅದು ಕುಗ್ಗುವುದಿಲ್ಲ. ಗೋಡೆ ಸೀಳಿದರೂ ಚಿಮ್ಮಿ ತಣ್ಣಗಾಗುತ್ತದೆ. ಕುಗ್ಗಿಸಿ ತುಂಬಿದ ಗಾಳಿ, ಹಬೆಗಳಾದರೆ ಸ್ಪ್ರಿಂಗಿನಂತೆ ಎಗರಿ ಗೋಡೆಯನ್ನು ಚೂರುಚೂರು ಮಾಡುತ್ತವೆ. ಸಿ.ಎನ್.ಜಿ. ಸಿಲಿಂಡರಿಗೂ ನಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ಇದೇ ನೀರಿನ ಪರೀಕ್ಷೆ ಕಡ್ಡಾಯ.

ಮಡಿಕೆ ತಟ್ಟುವ ವಿದ್ಯೆ

ಆದರೆ ನೀರಿನ ಪರೀಕ್ಷೆ ಇವತ್ತು ಪಾಸಾಯಿತು ಎಂದಷ್ಟೇ ಹೇಳುತ್ತದೆ, ನಾಳೆಯ ಮಾತು ಆಡುವುದಿಲ್ಲ. ಕಾರ್ಬನ್‌ನ ವಿಷಯದಲ್ಲಿ ಕಣ್ಣನ್ನೂ ನಂಬುವಂತಿಲ್ಲ. ಕೈಜಾರಿದ ಸ್ಪ್ಯಾನರ್ ಉಕ್ಕಿನ ಮೇಲೆ ಬಿದ್ದರೆ ತಗ್ಗು ಬೀಳುತ್ತದೆ. ಕಾರ್ಬನ್ ಮೇಲೆ ಬಿದ್ದರೆ ಹೊರಗೆ ಗೀರೂ ಕಾಣದೆ ಒಳಪದರಗಳು ಅಂಗೈಯಗಲ ಬಿಟ್ಟುಕೊಂಡಿರಬಹುದು. ಸಂತೆಯಲ್ಲಿ ಮಡಿಕೆ ಕೊಳ್ಳುವವರು ಬೆರಳ ಗೆಣ್ಣಿನಲ್ಲಿ ತಟ್ಟಿ ಸದ್ದು ಕೇಳುತ್ತಾರಲ್ಲ, ವಿಮಾನದ ತಪಾಸಕರೂ ನಾಣ್ಯದಿಂದ ತಟ್ಟಿ ಅದನ್ನೇ ಮಾಡುತ್ತಾರೆ. ಗಟ್ಟಿ ಜಾಗ ‘ಟಣ್’ ಎನ್ನುತ್ತದೆ, ಪದರ ಬಿಟ್ಟ ಜಾಗ ‘ಡಬ್’ ಎನ್ನುತ್ತದೆ.

ಇದಕ್ಕಿಂತ ಜಾಣ ದಾರಿಯೆಂದರೆ ನಾವು ತಟ್ಟದೆ, ಕೊಳವೆಯೇ ಮಾತಾಡುವ ತನಕ ಕಾಯುವುದು. ಎಳೆಯೊಂದು ಹರಿದಾಗ, ರಾಳ ಬಿರಿದಾಗ ಸದ್ದಿನ ಸಣ್ಣ ಅಲೆಯೊಂದು ಗೋಡೆಯಲ್ಲಿ ಓಡುತ್ತದೆ. ಅದರ ಕಂಪನ ಸೆಕೆಂಡಿಗೆ ಲಕ್ಷದ ಮೇಲೆ, ಇಪ್ಪತ್ತು ಸಾವಿರಕ್ಕೇ ನಿಲ್ಲುವ ನಮ್ಮ ಕಿವಿಗೆ ಕೇಳದು. ಗೋಡೆಗೆ ಅಂಟಿಸಿದ ಸೆನ್ಸರ್ ಹಿಡಿಯುತ್ತದೆ. ಮೂರ್ನಾಲ್ಕು ಸೆನ್ಸರ್‌ಗಳಿಗೆ ಸದ್ದು ತಲುಪಿದ ಹೊತ್ತಿನ ವ್ಯತ್ಯಾಸದಿಂದ ಹರಿದ ಜಾಗವನ್ನೂ ಗುರುತಿಸಬಹುದು.

1950ರಲ್ಲಿ ಮ್ಯೂನಿಕ್ಕಿನ ಜೋಸೆಫ್ ಕೈಸರ್ ತನ್ನ ಪ್ರೌಢಪ್ರಬಂಧದಲ್ಲಿ ಲೋಹಗಳ ಒಂದು ವಿಚಿತ್ರ ಗುಣ ದಾಖಲಿಸಿದ. ವಸ್ತುವಿನ ಮೇಲೆ ಮೊದಲ ಸಲ ಹೊರೆ ಹೇರಿದಾಗ ಅದು ಸದ್ದು ಮಾಡುತ್ತದೆ. ಇಳಿಸಿ ಮತ್ತೆ ಹೇರಿದರೆ ಹಿಂದಿನ ಸಲ ಮುಟ್ಟಿದ ಎತ್ತರ ದಾಟುವ ತನಕ ಮೌನ. ತಾನು ಹೊತ್ತ ಹೊರೆಯನ್ನು ವಸ್ತು ನೆನಪಿಟ್ಟುಕೊಂಡಂತೆ! ನಾರಿನ ಕೊಳವೆಗೆ ಇದನ್ನು ಅನ್ವಯಿಸಿದರೆ ಒಳ್ಳೆಯ ಮುನ್ಸೂಚನೆ ಸಿಗುತ್ತದೆ. ಕಳೆದ ಸಲ 100 ಬಾರ್ ಒತ್ತಿದ್ದ ಕೊಳವೆ ಈ ಸಲ 100ರ ತನಕ ಸುಮ್ಮನಿದ್ದರೆ ಆರೋಗ್ಯವಾಗಿದೆ. 90ಕ್ಕೇ ಪಿಸುಗುಟ್ಟಲು ಶುರು ಮಾಡಿದರೆ ಒಳಗೆ ಏನೋ ಕೆಟ್ಟಿದೆ. 70ಕ್ಕೇ ಶುರುವಾದರೆ ಅದನ್ನು ಬದಿಗಿಡುವುದೇ ಜಾಣತನ. ಇಲ್ಲಿ ಸಿದ್ಧಾಂತಿಗಳ ಜಗಳ ಬೇಕಿಲ್ಲ. ಆ ಕೊಳವೆಯದೇ ಹಿಂದಿನ ದಿನಚರಿ ಬೇಕು, ಅಷ್ಟೇ.

ಸದ್ದು ಕೇಳುವ ಈ ವಿದ್ಯೆ ನೀರಿನ ಕೊಳವೆಗಳಿಗೂ ಬಂದಿದೆ. ಲಿಬಿಯಾದ ಮರುಭೂಮಿಯಲ್ಲಿ ನೀರು ಸಾಗಿಸುವ ನಾಲ್ಕು ಮೀಟರ್ ಅಗಲದ ಕಾಂಕ್ರೀಟ್ ಕೊಳವೆಗಳಲ್ಲಿ ಕೆಲವು 1999ರಿಂದ ಶುರುವಾಗಿ ಒಂದೆರಡು ವರ್ಷದಲ್ಲಿ ಸಿಡಿದವು. ಸುತ್ತಿದ್ದ ಉಕ್ಕಿನ ತಂತಿಗಳು ತುಕ್ಕು ಹಿಡಿದು ಒಂದೊಂದಾಗಿ ಹರಿದಿದ್ದವು. ಅಲ್ಲಿಂದ ಮುಂದೆ ತಂತಿ ಹರಿಯುವ ಸದ್ದನ್ನು ಎಣಿಸುವ ಉಪಕರಣ ಹೂಡಿದರು. ಅಮೆರಿಕದಲ್ಲಿ ಇಂಥ ಹಳೆಯ ಕೊಳವೆಗಳ ಒಳಮೈಗೆ ಕಾರ್ಬನ್ ಫೈಬರ್ ಬಟ್ಟೆಯನ್ನು ರಾಳದಲ್ಲಿ ಅಂಟಿಸಿ ಮರುಜೀವ ಕೊಡುವುದು ರೂಢಿಯಾಗಿದೆ.

ಕೇಳಿಸಿತ್ತು, ಕೇಳಲಿಲ್ಲ

ಇಷ್ಟೆಲ್ಲ ಇದ್ದೂ 2023ರ ಜೂನ್ 18ರಂದು ಟೈಟನ್ ಜಲಾಂತರ್ವಾಹಿ ಅಟ್ಲಾಂಟಿಕ್ ಸಾಗರದೊಳಗೆ ನುಚ್ಚುನೂರಾಗಿ ಐವರು ಸತ್ತರು. ಟೈಟಾನಿಕ್ ಹಡಗಿನ ಅವಶೇಷ ನೋಡಲು ಹೊರಟಿದ್ದ ಅದರ ಒಡಲು ಐದು ಅಂಗುಲ ದಪ್ಪದ ಕಾರ್ಬನ್ ಫೈಬರ್ ಕೊಳವೆ, ಎರಡು ತುದಿಗೆ ಟೈಟೇನಿಯಂ ಮುಚ್ಚಳ. ಅವಶೇಷವಿರುವ 3,800 ಮೀಟರ್ ಆಳದಲ್ಲಿ ಒತ್ತಡ 380 ಬಾರ್ ಸುಮಾರು, ಅದೂ ಹೊರಗಿನಿಂದ ಒಳಕ್ಕೆ. ಎಳೆತಕ್ಕೆ ಗಟ್ಟಿಗನಾದ ನಾರು ಅಮುಕಿದರೆ ಅಷ್ಟು ಗಟ್ಟಿಗನಲ್ಲ. ಹಗ್ಗವನ್ನು ಎಳೆಯಬಹುದು, ನೂಕಲಾದೀತೆ? ಅಮುಕುವಾಗ ನಾರನ್ನು ನೆಟ್ಟಗೆ ನಿಲ್ಲಿಸುವುದು ರಾಳ ಮತ್ತು ಪದರಗಳ ಅಂಟು ಮಾತ್ರ.

ನೋವಿನ ಸಂಗತಿಯೆಂದರೆ ಟೈಟನ್‌ಗೆ ಕಿವಿ ಇತ್ತು. ಒಡಲಿಗೆ ಸದ್ದು ಹಿಡಿಯುವ ಸೆನ್ಸರ್‌ಗಳನ್ನೂ ಹಿಗ್ಗು-ಕುಗ್ಗು ಅಳೆಯುವ ಪಟ್ಟಿಗಳನ್ನೂ ಅಂಟಿಸಿದ್ದರು. 2022ರ ಜುಲೈನ ಒಂದು ಯಾನದ ಕೊನೆಗೆ ಒಳಗಿದ್ದವರಿಗೇ ಕೇಳುವಂತೆ ದೊಡ್ಡ ಸದ್ದಾಯಿತು. ಆ ಬಳಿಕದ ಯಾನಗಳಲ್ಲಿ ಒಡಲು ಕುಗ್ಗುವ ರೀತಿಯೇ ಬದಲಾಗಿದ್ದು ಅಂಕಿಅಂಶಗಳಲ್ಲಿ ದಾಖಲಾಗಿತ್ತು. ಆದರೂ ಅದನ್ನು ಮತ್ತೆ ನೀರಿಗಿಳಿಸಿದರು. ಸಿಕ್ಕ ಚೂರುಗಳನ್ನು ಪರೀಕ್ಷಿಸಿದ ಅಮೆರಿಕದ ತನಿಖೆಗಾರರಿಗೆ ಪದರಗಳ ನಡುವೆ ಗಾಳಿಗುಳ್ಳೆ, ಸುಕ್ಕು, ಬಿಟ್ಟುಕೊಂಡ ಅಂಟು ಕಂಡವು.

2016ರ ಸೆಪ್ಟೆಂಬರ್ 1ರಂದು ಫ್ಲಾರಿಡಾದ ಉಡಾವಣಾ ಕಟ್ಟೆಯ ಮೇಲೇ ಫಾಲ್ಕನ್–9 ರಾಕೆಟ್ ಸ್ಫೋಟಿಸಿದ್ದರ ಮೂಲದಲ್ಲೂ ಇಂಥದೇ ಸಿಲಿಂಡರು ಇತ್ತು. ಅಲ್ಯೂಮಿನಿಯಂ ಒಳಪದರದ ಉಬ್ಬುತಗ್ಗುಗಳಲ್ಲಿ, ಮೇಲೆ ಸುತ್ತಿದ ಕಾರ್ಬನ್ ನಾರಿನಡಿ, ಕಡುತಂಪಿನ ಆಮ್ಲಜನಕ ಸಿಕ್ಕಿಕೊಂಡು ಹೊತ್ತಿಕೊಂಡಿತೆಂದು ತನಿಖೆ ಹೇಳಿತು. ಯಾವ ಸೂತ್ರವೂ ಮೊದಲೇ ಊಹಿಸದ ಸೋಲು ಇದು.

ನಮ್ಮಲ್ಲಿ ಮಗು ಹುಟ್ಟಿದಾಗಲೇ ಜಾತಕ ಬರೆಸುವ ರೂಢಿ. ಉಕ್ಕಿನ ಕೊಳವೆಗೆ ಆ ರೂಢಿ ಹೆಚ್ಚುಕಡಿಮೆ ಒಪ್ಪುತ್ತದೆ. ದಪ್ಪ, ಅಗಲ, ಒತ್ತಡ ಗೊತ್ತಾದರೆ ಹುಟ್ಟಿದ ದಿನವೇ ಆಯುಸ್ಸು ಹೇಳಬಹುದು. ಕಾರ್ಬನ್ ಕೊಳವೆಗೆ ಹುಟ್ಟುಜಾತಕ ಸಾಲದು. ಎಷ್ಟು ಸಲ ಒತ್ತಡ ಏರಿತು, ಇಳಿಯಿತು, ಎಲ್ಲಿ ಪೆಟ್ಟು ಬಿತ್ತು, ಯಾವ ದಿನ ಮೊದಲಿಗಿಂತ ಬೇಗ ಪಿಸುಗುಟ್ಟಿತು ಎಂಬುದನ್ನು ದಿನದಿನವೂ ಬರೆದಿಡಬೇಕು. ಬರೆದದ್ದನ್ನು ಓದಬೇಕು. ಓದಿದ ಮೇಲೆ, ನಷ್ಟವಾದರೂ ಸರಿ, ಅದನ್ನು ಪಕ್ಕಕ್ಕಿಡುವ ಮನಸ್ಸು ಮಾಡಬೇಕು. ಕೊನೆಯದೇ ಎಲ್ಲಕ್ಕಿಂತ ಕಷ್ಟ.

ಪೈಪು ಸೀಳಿದ ಮೇಲೆ ನಮ್ಮ ರೈತ ಮಾಡುವುದೂ ಇದನ್ನೇ. ಸೀಳಿದ ತುಂಡು ಕತ್ತರಿಸಿ ತೆಗೆದು ಹೊಸದು ಕೂರಿಸುವಾಗ ಪಕ್ಕದ ತುಂಡನ್ನೂ ಬಗ್ಗಿ ನೋಡುತ್ತಾನೆ. ಬಿಸಿಲಿಗೆ ಬೆಳ್ಳಗಾಗಿದೆಯೇ, ಬೆರಳಿಟ್ಟರೆ ಪುಡಿ ಹತ್ತುತ್ತದೆಯೇ, ಹೋದ ಸಲ ಬಡಿದ ಜಾಗದಲ್ಲಿ ಕೂದಲೆಳೆಯ ಗೆರೆ ಇದೆಯೇ ಎಂದು ಸವರುತ್ತಾನೆ. ಸಂಶಯ ಬಂದರೆ ಅದನ್ನೂ ಬದಲಿಸುತ್ತಾನೆ. ಕರೆಂಟು ಮತ್ತೆ ಯಾವಾಗ ಹೋಗುತ್ತದೆ ಎಂದು ಅವನಿಗೆ ಗೊತ್ತಿಲ್ಲ. ಹೋಗುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು.